ಅರ್ಧ ಬೆರಳು ಸರಿದ ನೀಲಿ

ಜೂನ್ ೩

ಗುಬ್ಬೀ,

ನಿನ್ನ ಕಾಗದ ಬಂತು. ವಿತ್ ರೆಫರೆನ್ಸ್ ಟು ಯುವರ್ ಲೆಟರ್ ಅಂತ ಶುರು ಮಾಡೋಣ ಅಂದುಕೊಂಡೆ, ಮಗಳಿಗೆ ಹಾಗೆ ಬರೆದರೆ ನೀನು ನಗುತ್ತೀಯ. ಫೋನು ಮಾಡಪ್ಪಾ ಅಂತೀಯ. ಮೂವತ್ತೊಂದು ವರ್ಷ ಅಚ್ಚಿನ ಮಷಿನ್ ಪಕ್ಕದಲ್ಲಿ ನಿಂತ ಕಿವಿ ಇದು. ಫೋನಿನಲ್ಲಿ ನೀನು ಊಟ ಆಯ್ತಾ ಅಂದರೆ ಯಾರೋ ತಗಡು ಎಳೆದ ಹಾಗೆ ಕೇಳುತ್ತೆ. ಕಾಗದವೇ ವಾಸಿ. ಎರಡು ಸಲ ಓದಬಹುದು, ಸಿಟ್ಟು ಬಂದರೆ ಮಡಚಿಡಬಹುದು.

ಹಳೇ ಪತ್ತೇದಾರಿ ಚಿತ್ರಕಥೆಗಳನ್ನೆಲ್ಲ ಒಟ್ಟುಮಾಡಿ ನಿಮ್ಮ ಪ್ರಕಾಶನದವರು ದಪ್ಪ ಪುಸ್ತಕ ತರುತ್ತಿದ್ದಾರೆ, ಅದರಲ್ಲಿ ನಮ್ಮ 'ಹದಿನೇಳು' ಕೂಡ ಇರುತ್ತಾನೆ, ಪುಟ ಸರಿಮಾಡುವ ಕೆಲಸವೂ ಮುನ್ನುಡಿಯೂ ನಿನ್ನ ಪಾಲಿಗೇ ಬಂದಿದೆ ಅಂತ ಓದಿದೆ. ತಡೆಯಲಾರದೆ ಕೆಳಗಿನ ಅಂಗಡಿಯ ದರ್ಜಿಗೂ ಓದಿ ಹೇಳಿದೆ. ಅವನು ಬಾಯಲ್ಲಿ ಪಿನ್ನು ಕಚ್ಚಿಕೊಂಡೇ, "ಹದಿನೇಳನೇ ನಂಬರ್ ಪೇದೆನಾ ಸಾರ್? ಆ ಸತ್ತ ಪೊಲೀಸು? ಮೂರನೇ ಕ್ಲಾಸಲ್ಲಿ ಅವನ ಹೆದರಿಕೆಗೆ ಕದ್ದ ಪೆನ್ಸಿಲ್ಲು ವಾಪಸ್ ಕೊಟ್ಟಿದ್ದೆ" ಅಂದ. ಅರ್ಧ ಪೆನ್ಸಿಲ್ಲಂತೆ. ಉಳಿದರ್ಧ ಅಷ್ಟರಲ್ಲಿ ಬರೆದು ಮುಗಿಸಿದ್ದನಂತೆ.

ಆ ಕಾಲದ ಕಳ್ಳ-ಪೊಲೀಸ್ ಚಿತ್ರಕಥೆಗಳಲ್ಲಿ ಅಷ್ಟೊಂದು ಭೂತ, ಮಂತ್ರ, ಪವಾಡ ಯಾಕೆ ಅಂತ ಕೇಳಿದ್ದೀಯ. ನಿಜ, ಯಾರನ್ನು ನೋಡಿದರೂ ಅದೇ ಕಥೆ. ಒಬ್ಬನ ಬೆರಳಲ್ಲಿ ಸತ್ತ ಮಾಂತ್ರಿಕನ ಉಂಗುರ. ಇನ್ನೊಬ್ಬ ಶವಾಗಾರದಲ್ಲಿ ಮಲಗಿದ್ದವನು ಸಿಡಿಲು ಬಡಿದು ಎದ್ದು ಬಂದವನು. ಮತ್ತೊಬ್ಬನ ಮುತ್ತಜ್ಜ ಕನ್ನಡಿಯೊಳಗೆ ಕೂತು ಕಳ್ಳನ ವಿಳಾಸ ಹೇಳುತ್ತಿದ್ದ. ಪಂಡಿತರು ಏನು ಹೇಳುತ್ತಾರೋ ಗೊತ್ತಿಲ್ಲ. ಇನ್ ಮೈ ಹಂಬಲ್ ಒಪೀನಿಯನ್, ಓದುವವರು ನಿಜವಾದ ಪೊಲೀಸರನ್ನು ನೋಡಿದ್ದರು. ಕಳ್ಳ ಸಿಕ್ಕಿಬೀಳಬೇಕಾದರೆ ಭೂತವೇ ಬರಬೇಕು ಅಂತ ಅವರಿಗೆ ಅನ್ನಿಸಿದ್ದರೆ ತಪ್ಪೇನು?

ನಮ್ಮವನದು ಮಾತ್ರ ಮಟಮಟ ಮಧ್ಯಾಹ್ನದ ಭೂತ. ಕತ್ತಲೆ ಅಚ್ಚು ಮಾಡಿದರೆ ಕಪ್ಪು ಶಾಯಿ ಬೇಗ ಆರೋದಿಲ್ಲ, ಮೇಲಿನ ಹಾಳೆಯ ಬೆನ್ನಿಗೆ ಮೆತ್ತುತ್ತೆ. "ಭೂತ ಹಗಲೇ ಬರಲಿ, ಯಾರು ಬೇಡ ಅಂದರು?" ಅಂದರು ನಮ್ಮ ವಾರಪತ್ರಿಕೆಯ ಯಜಮಾನರು. ಬಂತು.

ನಿಮ್ಮಮ್ಮ ಇದ್ದಿದ್ದರೆ ಇವತ್ತು ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು ತಾನೇ ಬರೆಯುತ್ತಿದ್ದಳು. ಅವಳು ಹೋಗಿ ಎರಡು ವರ್ಷವಾಯಿತು, ಕಾಫಿಗೆ ಇನ್ನೂ ಎರಡು ಲೋಟ ತೆಗೆದಿಡುತ್ತೇನೆ.

ಯುವರ್ಸ್ ಫೇತ್‌ಫುಲಿ (ಫೇತ್‌ಫುಲಿ ಯಾರಿಗೆ, ಸಿನ್ಸಿಯರ್ಲಿ ಯಾರಿಗೆ, ಟ್ರೂಲಿ ಯಾರಿಗೆ ಅಂತ ಕಾಲೇಜಿನಲ್ಲಿ ಬಾಯಿಪಾಠ ಮಾಡಿಸಿದ್ದರು, ಮರೆತಿದೆ),
ಅಪ್ಪ


ಜೂನ್ ೧೪

ಅಪ್ಪಾ,

ನಿನ್ನ ಕಾಗದವನ್ನು ಆಫೀಸಿನಲ್ಲಿ ಜೋರಾಗಿ ಓದಿದೆ. ಎಲ್ಲರಿಗೂ ದರ್ಜಿ ಇಷ್ಟವಾದ.

ಪುಟಗಳ ಕೆಲಸ ಶುರುವಾಗಿದೆ. ಹಳದಿ ಕಲೆ ತೆಗೆಯೋದು, ಹರಿದ ಕಡೆ ಗೆರೆ ಕೂಡಿಸೋದು. ನಲವತ್ತಮೂರನೇ ಸಂಚಿಕೆಗೆ ಬಂದು ನಿಂತಿದ್ದೀನಿ. ಹದಿನೇಳು ಮೊದಲ ಸಲ ಭೂತವಾದ ಪುಟ. ಅವನ ಸಮವಸ್ತ್ರದ ನೀಲಿ ಮೈಬಿಟ್ಟು ಅರ್ಧ ಬೆರಳು ಆಚೆಗೆ ನಿಂತಿದೆ. ನಮ್ಮ ಮೇಲಿನವರು, "ಇದು ಅಚ್ಚಿನ ದೋಷ, ಒಳಗೆ ತಳ್ಳಿ" ಅಂದರು. ತಳ್ಳಿ ನೋಡಿದೆ. ಬರೀ ಒಬ್ಬ ಪೇದೆ, ಕೈಕಟ್ಟಿ ನಿಂತಿದ್ದಾನೆ. ವಾಪಸ್ ಎಳೆದೆ, ಭೂತ ಬಂತು. ಭೂತ ಬಿಡಿಸೋದು ಇಷ್ಟು ಸುಲಭ ಅಂತ ಗೊತ್ತಿರಲಿಲ್ಲ.

ಆ ಕಥೆ ಅಮ್ಮನ ಬಾಯಲ್ಲಿ ನೂರು ಸಲ ಕೇಳಿದ್ದೀನಿ. ಮುನ್ನುಡಿಗೆ ನಿನ್ನ ಕೈಯಲ್ಲಿ ಬೇಕು. ಯಾರು ಎಲ್ಲಿ ನಿಂತಿದ್ದರು, ಯಾರು ಏನಂದರು, ಎಲ್ಲ ಬರಿ.

ಅಮ್ಮನ ಬಣ್ಣದ ಡಬ್ಬಿ ಈಗ ನನ್ನ ಮೇಜಿನ ಮೇಲೆ ಇದೆ. ಕುಂಚ ತೊಳೆದೆ. ತಳಕ್ಕೆ ಹಾಸಿದ ಕಾಗದ ಅಂಟಿಕೊಂಡು ಕೂತಿದೆ, ನಿಧಾನಕ್ಕೆ ಬಿಡಿಸಬೇಕು.

ಮಾತ್ರೆ ಊಟದ ನಂತರ, ಮೊದಲಲ್ಲ.

ಪ್ರೀತಿಯ,
ಗುಬ್ಬಿ


ಜೂನ್ ೨೬

ಗುಬ್ಬೀ,

ಐ ಬೆಗ್ ಟು ಸ್ಟೇಟ್ ದಿ ಫ್ಯಾಕ್ಟ್ಸ್.

ಚಿತ್ರದ ಗೆರೆ ಎಳೆಯುತ್ತಿದ್ದವರು ಗೆರೆ ಮೇಷ್ಟ್ರು. ಅವರ ಕೆಲಸ ಕಪ್ಪಿನಲ್ಲೇ ಮುಗಿಯುತ್ತಿತ್ತು. ಆಮೇಲೆ ಅದು ಕಿಟಕಿ ಪಕ್ಕದ ಮೇಜಿಗೆ ಬರುತ್ತಿತ್ತು. ಅಲ್ಲಿ ನಿಮ್ಮಮ್ಮ, ಕೆಲಸಕ್ಕೆ ಸೇರಿ ಮೂರು ವಾರ. ಒಂದೊಂದು ಬಣ್ಣಕ್ಕೂ ಒಂದೊಂದು ಪಾರದರ್ಶಕ ಹಾಳೆ. ಆ ಬಣ್ಣ ಎಲ್ಲೆಲ್ಲಿ ಬೀಳಬೇಕೋ ಅಲ್ಲಲ್ಲಿ ಕುಂಚದಲ್ಲಿ ತುಂಬಬೇಕು. ಅದರಿಂದ ಅಚ್ಚಿನ ತಗಡಿನ ಪ್ಲೇಟು, ಪ್ಲೇಟು ನನ್ನ ಮಷಿನ್‌ಗೆ. ಒಂದೇ ಹಾಳೆ ನಾಲ್ಕು ಸಲ ಮಷಿನ್ ಹಾಯುತ್ತಿತ್ತು, ಕಡೆಗೆ ನೀಲಿ. ಪುಟದಲ್ಲಿ ನೀಲಿ ಅಂತ ಇದ್ದದ್ದು ಹದಿನೇಳರ ಸಮವಸ್ತ್ರ ಒಂದೇ. ಆಕಾಶಕ್ಕೂ ನೀಲಿ ಕೊಡೋಕೆ ಯಜಮಾನರಿಗೆ ಮನಸ್ಸು ಬರುತ್ತಿರಲಿಲ್ಲ, ನಮ್ಮ ಪತ್ರಿಕೆಯಲ್ಲಿ ಆಕಾಶ ಯಾವಾಗಲೂ ಬಿಳಿ.

ಆ ಬುಧವಾರ ಯಜಮಾನರು ಕೈಯಲ್ಲಿ ಸಂಚಿಕೆ ಹಿಡಿದು ಬಂದು ನೇರ ಕಿಟಕಿ ಪಕ್ಕಕ್ಕೆ ಹೋದರು.

"ಏನಮ್ಮಾ ಇದು? ಬಣ್ಣ ಬಟ್ಟೆಯೊಳಗೆ ಇರಬೇಕೋ ಬೀದಿಯಲ್ಲಿ ಇರಬೇಕೋ?"

ನಿಮ್ಮಮ್ಮ ಎದ್ದು ನಿಂತಳು. ಕುಂಚ ಒರೆಸಿದಳು. ಕಿವಿಯ ತುದಿಗೆ ಒಂದು ಚುಕ್ಕೆ ಕೆಂಪು ಬಣ್ಣ ತಾಗಿತ್ತು.

"ನಾಳೆಯಿಂದ ನೀನು..." ಅಂತ ಅವರು ಶುರು ಮಾಡಿದರು. ನಾನು ಮಷಿನ್ ರೂಮಿನ ಬಾಗಿಲಲ್ಲಿದ್ದವನು ಹೇಗೆ ಅಲ್ಲಿಗೆ ಬಂದೆನೋ ಗೊತ್ತಿಲ್ಲ.

"ಅದು ತಪ್ಪಲ್ಲ ಸಾರ್. ಭೂತ."

"ಯಾರ ಭೂತ?"

"ಹದಿನೇಳರದೇ. ಹೋದ ವಾರ ಗುಂಡು ಬಿತ್ತಲ್ಲ ಸಾರ್, ಸತ್ತಿದ್ದಾನೆ. ಅವನಿಗೇ ಇನ್ನೂ ಗೊತ್ತಾಗಿಲ್ಲ. ಮೈ ಡ್ಯೂಟಿ ಮೇಲೆ ನಿಂತಿದೆ, ಜೀವ ಎದ್ದು ಹೊರಟಿದೆ."

"ಓದುವವರು ಒಪ್ಪಬೇಕಲ್ಲಪ್ಪ?"

"ಸುಳ್ಳು ಅಂತ ಗೊತ್ತಿದ್ದೂ ಕಥೆ ನಂಬೋದಕ್ಕೆ ಇಂಗ್ಲಿಷಿನಲ್ಲಿ ವಿಲ್ಲಿಂಗ್ ಸಸ್ಪೆನ್ಷನ್ ಅಂತಾರೆ ಸಾರ್. ಮುಂದಿನ ಪದ ನಾಲಿಗೆ ತುದಿಯಲ್ಲಿದೆ."

"ಸಸ್ಪೆನ್ಷನ್ ಯಾರಿಗೆ ಅಂತ ಮುಂದಿನ ವಾರದ ಟಪಾಲು ನೋಡಿ ಹೇಳ್ತೀನಿ."

ಟಪಾಲು ಎರಡು ಚೀಲ ಬಂತು. ಅವನಿಗೆ ಹಸಿವಾಗುತ್ತಾ? ಅವನ ಹೆಂಡತಿಗೆ ಗೊತ್ತಾ? ಬಾಗಿಲು ಹಾಕಿದ್ದರೂ ಒಳಗೆ ಬರ್ತಾನಾ, ನಮ್ಮನೆಗೂ ಬರ್ತಾನಾ? ಯಜಮಾನರು ನನ್ನನ್ನು ಕರೆದು, "ಭೂತ ಬಿಟ್ಟವನು ನೀನು, ಸಾಕುವವನೂ ನೀನೇ" ಅಂದರು. ಹಾಗೆ ಮಷಿನ್ ನೋಡಿಕೊಂಡೇ ಹನ್ನೊಂದು ವರ್ಷ ಅವನ ಮಾತು ಬರೆದೆ.

ಕಣ್ಣಿಂದ ಬೆಂಕಿ ಬಿಡಿಸೋಣ ಅಂತ ನನ್ನ ಪ್ಲಾನು. ನಿಮ್ಮಮ್ಮ ಬೇಡ ಅಂದಳು. ಅವಳು ಮಾಡಿದ ನಿಯಮವೇ ಕಡೆಯವರೆಗೂ ನಡೆಯಿತು: ಗೋಡೆ ದಾಟಬಹುದು, ಹೊಡೆಯುವಂತಿಲ್ಲ, ಏನನ್ನೂ ಕೇಳುವಂತಿಲ್ಲ. ಕಳ್ಳನ ಪಕ್ಕದಲ್ಲಿ ನಿಲ್ಲಬೇಕು, ಅವನೇ ಬಾಯಿಬಿಟ್ಟು 'ನಾನೇ' ಅನ್ನುವವರೆಗೆ. "ಇದರಲ್ಲಿ ಹೊಡೆದಾಟ ಎಲ್ಲಿದೆ?" ಅಂತ ಕೇಳಿದೆ. "ಸುಮ್ಮನೆ ನಿಲ್ಲೋದು ಕಷ್ಟ, ಒಂದು ದಿನ ನಿಂತು ನೋಡಿ" ಅಂದಳು. ಪ್ರತಿ ಕಥೆಯಲ್ಲೂ ಅದೇ: ಉರಿಬಿಸಿಲು, ಸಂದಣಿ. ಕಳ್ಳ ತಲೆ ಬಾಚ್ತಾನೆ, ನೀರು ಕುಡೀತಾನೆ, ಯಾರನ್ನೋ ಮಾತಾಡಿಸ್ತಾನೆ, ಪಕ್ಕದಲ್ಲಿ ನೀಲಿ. ಮೂರನೇ ಪುಟಕ್ಕೆ ಬೆವರು. ನಾಲ್ಕನೇ ಪುಟಕ್ಕೆ 'ನಾನೇ'. ಹನ್ನೊಂದು ವರ್ಷದಲ್ಲಿ ಒಂದು ಏಟು ಬಿದ್ದಿಲ್ಲ, ಒಬ್ಬನೂ ತಪ್ಪಿಸಿಕೊಂಡಿಲ್ಲ.

ನೆಂಟರು ಬಂದಾಗಲೆಲ್ಲ ಅವಳು ಹೇಳುತ್ತಿದ್ದಳಲ್ಲ, "ನನ್ನ ತಪ್ಪು ಮುಚ್ಚೋಕೆ ಇವರು ಭೂತ ಬಿಟ್ಟರು" ಅಂತ. ಹೇಳಿ ನನ್ನ ಕಡೆ ತಿರುಗುತ್ತಿದ್ದಳು. ನಾನು ನಗುತ್ತಿದ್ದೆ.

ಹಾಗೇ ಬರಿ.

ಯುವರ್ಸ್ ಸಿನ್ಸಿಯರ್ಲಿ (ಇವತ್ತು ಇದು),
ಅಪ್ಪ


ಜುಲೈ ೮

ಅಪ್ಪಾ,

ಮುನ್ನುಡಿಯ ಮೊದಲ ಸಾಲು ಹೀಗಿದೆ: 'ಉಂಗುರ, ಸಿಡಿಲು, ಕನ್ನಡಿಗಳಿಂದ ಬಲ ಪಡೆದ ಆ ಕಾಲದ ವೀರರ ನಡುವೆ ಒಂದು ಭೂತ ಮಾತ್ರ ಕೈತಪ್ಪಿನಿಂದ ಹುಟ್ಟಿತು; ಆ ಕೈ ನನ್ನ ತಾಯಿಯದು.' ಅದರ ಪಕ್ಕದಲ್ಲೇ ಅಮ್ಮನ ಪೂರ್ತಿ ಹೆಸರು. ಆಗ ಬಣ್ಣ ತುಂಬಿದವರ ಹೆಸರು ಯಾರೂ ಹಾಕುತ್ತಿರಲಿಲ್ಲವಲ್ಲ, ಅವಳ ಹೆಸರು ಅಚ್ಚಾಗುವುದು ಇದೇ ಮೊದಲು.

ಒಂದು ಕೇಳಬೇಕಿತ್ತು. ದೊಡ್ಡ ಹಾಳೆಯ ಮೂಲೆಗಳಲ್ಲಿ ಸಣ್ಣ ಕೂಡು ಗುರುತು ಇರುತ್ತಲ್ಲ, ನಾಲ್ಕೂ ಬಣ್ಣ ಒಂದರ ಮೇಲೊಂದು ಕೂರಬೇಕಾದ್ದು. ನಮಗೆ ಸಿಕ್ಕ ಪ್ರತಿಗಳಲ್ಲಿ ಅಂಚು ಕತ್ತರಿಸಿ ಅದೆಲ್ಲ ಹೋಗಿದೆ. ನಲವತ್ತಮೂರನೇ ಸಂಚಿಕೆಯದು ಕತ್ತರಿಸದ ಹಾಳೆ ನಿನ್ನ ಹತ್ತಿರ ಏನಾದರೂ ಉಳಿದಿದೆಯಾ?

ಪ್ರೀತಿಯ,
ಗುಬ್ಬಿ


ಜುಲೈ ೩೦

ಗುಬ್ಬೀ,

ತಡವಾಯಿತು. ಕನ್ನಡಕದ ಕಾಲು ಮುರಿದಿತ್ತು. ದರ್ಜಿ ಕಪ್ಪು ದಾರ ಸುತ್ತಿ ಕೊಟ್ಟ, ಈಗ ಕಿವಿಗೆ ಕಚಗುಳಿ ಇಡುತ್ತೆ. ಅವನ ಹೆಂಡತಿ ಅದನ್ನು ನೋಡಿ, "ಸಾರ್‌ಗೆ ಗುಂಡಿಯನ್ನೂ ಹೊಲಿದುಬಿಡ್ರೀ" ಅಂದಳು. ಮೆಟ್ಟಿಲಿನ ಬಲ್ಬು ಹಾಳಾಗಿದೆ. ನಲ್ಲಿಗೆ ವಾಷರ್ ಹಾಕಿಸಿದೆ.

ಹಾಳೆ ಇಲ್ಲ. ಆವತ್ತೇ ಎಲ್ಲ ಕತ್ತರಿಸಿಯಾಗಿತ್ತು.

ಮುನ್ನುಡಿ ಚೆನ್ನಾಗಿದೆ, ಕಾನ್ಸೈಸ್ ಆಗಿದೆ. ಆದರೆ ಆ ಕೈ ಯಾರದು ಅಂತ ಹೇಳಲೇಬೇಕಾ? ಇಂಗ್ಲಿಷಿನಲ್ಲಿ ಪ್ಯಾಸಿವ್ ವಾಯ್ಸ್ ಅಂತ ಒಂದಿದೆ, ಆಫೀಸು ಕಾಗದಗಳಲ್ಲಿ ಬಹಳ ಉಪಯೋಗ. ತಪ್ಪಾಯಿತು ಅಂದರೆ ಸಾಕು, ಮಾಡಿದವರು ಬೇಕಾಗೋದಿಲ್ಲ.

ಅಪ್ಪ


ಆಗಸ್ಟ್ ೭

ಅಪ್ಪಾ,

ಪ್ಯಾಸಿವ್ ವಾಯ್ಸ್ ಬೇಡ. ಅಮ್ಮನ ಹೆಸರು ಮೊದಲ ಸಲ ಬರುವಾಗ ಅವಳು ಏನು ಮಾಡಿದಳು ಅಂತ ನೇರವಾಗಿಯೇ ಇರಲಿ. ಮುನ್ನುಡಿ ಈ ತಿಂಗಳ ಮೂವತ್ತಕ್ಕೆ ಅಚ್ಚಿಗೆ ಹೋಗುತ್ತೆ. ಅಲ್ಲಿಯವರೆಗೆ ಯಾವ ಸಾಲು ಬೇಕಾದರೂ ಬದಲಾಯಿಸು. ನಾನು ಇನ್ನೇನೂ ಕೇಳೋದಿಲ್ಲ.

ಕಾಯ್ತಿರುವ,
ಗುಬ್ಬಿ


ಆಗಸ್ಟ್ ೧೯

ಮಗಳೇ,

ನಾಲ್ಕು ಕಾಗದ ಬರೆದು ಹರಿದೆ. ನಾಲ್ಕರಲ್ಲೂ ಮಾತು ನಲ್ಲಿಯ ಕಡೆಗೇ ಹೋಗುತ್ತಿತ್ತು. ಇದರಲ್ಲಿ ಮೊದಲ ಸಾಲಿಗೇ ಹೇಳಿಬಿಡುತ್ತೇನೆ: ಆವತ್ತು ತಪ್ಪು ಮಾಡಿದ್ದು ನಿಮ್ಮಮ್ಮ ಅಲ್ಲ. ನಾನೇ.

ಪ್ಲೇಟು ಹಿಡಿಯೋಕೆ ಎರಡು ಬೋಲ್ಟು. ಒಂದನ್ನು ಬಿಗಿದಿದ್ದೆ, ಸ್ಪ್ಯಾನರ್ ಎರಡನೆಯದರ ಮೇಲಿತ್ತು. ಅಷ್ಟರಲ್ಲಿ ಒಬ್ಬ ಹುಡುಗಿ ಹಸಿ ಬಣ್ಣದ ಹಾಳೆಯ ಎರಡು ಮೂಲೆ ಎರಡೂ ಕೈಯಲ್ಲಿ ಹಿಡಿದು, ಬಾಗಿಲನ್ನು ಭುಜದಿಂದ ತಳ್ಳಿಕೊಂಡು ಬಂದು, "ನನ್ನ ಮೇಜಿನ ಕಿಟಕಿಗೆ ಗಾಳಿಯೇ ಇಲ್ಲ, ಇಲ್ಲಿ ಗಾಳಿ ಬರೋ ಕಿಟಕಿ ಯಾವುದು?" ಅಂದಳು. ಕಿಟಕಿ ತೆಗೆದುಕೊಟ್ಟೆ. ಹಾಳೆ ಒಣಗುವ ತನಕ ಅವಳು ಅಲ್ಲೇ ನಿಂತಿದ್ದಳು. ವಾಪಸ್ ಬಂದು ಮಷಿನ್ ಬಿಟ್ಟೆ. ಎರಡನೇ ಬೋಲ್ಟು ಮರೆತೇ ಹೋಯಿತು. ಮೊದಲ ಇಪ್ಪತ್ತು ಹಾಳೆ ನೋಡಿದೆ, ಸರಿಯಾಗಿದ್ದವು. ಆಮೇಲೆ ನಾನು ಹಾಳೆ ನೋಡಲಿಲ್ಲ, ಕಿಟಕಿ ನೋಡಿದೆ.

ಕಣ್ಣಿಗೆ ಬಿದ್ದಾಗ ಎಲ್ಲ ಮುಗಿದಿತ್ತು. ಮೂಲೆಯ ಗುರುತಿನಲ್ಲಿ ಕಪ್ಪು, ಹಳದಿ, ಕೆಂಪು ಕೂಡಿ ಕೂತಿದ್ದವು, ನೀಲಿ ಒಂದೇ ಅರ್ಧ ಬೆರಳು ಆಚೆಗೆ. ಇದು ನಿನಗೆ ಗೊತ್ತೇ ಇದೆ, ಅದಕ್ಕೇ ನೀನು ಹಾಳೆ ಉಳಿದಿದೆಯಾ ಅಂತ ಕೇಳಿದ್ದು. ಬಣ್ಣ ತುಂಬಿದವರು ತಪ್ಪಿದ್ದರೆ ಬಟ್ಟೆಯ ಬಣ್ಣ ಮಾತ್ರ ಸರಿದಿರುತ್ತೆ, ಗುರುತು ಅಲ್ಲಾಡೋದಿಲ್ಲ. ಗುರುತೇ ಸರಿದಿದ್ದರೆ ಪ್ಲೇಟು ಜಾರಿದೆ. ಪ್ಲೇಟು ಜಾರಿದರೆ ಮಷಿನ್ನವನ ತಪ್ಪು. ಕೆಲಸ ಗೊತ್ತಿದ್ದವರಿಗೆ ಒಂದು ನೋಟ ಸಾಕು.

ಅದಕ್ಕೇ ಯಜಮಾನರು ಬರುವ ಮೊದಲು ನಾನೇ ಕಟ್ಟುಗಳನ್ನು ಹೊತ್ತು ಕತ್ತರಿಸುವ ಮಷಿನ್‌ಗೆ ಹಾಕಿದೆ. ನಾಲ್ಕೂ ಅಂಚು ಹಾರಿಸಿದೆ, ಚೂರುಗಳನ್ನು ಚೀಲಕ್ಕೆ ತುಂಬಿ ಬಾಯಿ ಕಟ್ಟಿದೆ. ನನಗೆ ಆಗಲೇ ಎರಡು ಸಲ ಎಚ್ಚರಿಕೆ ಆಗಿತ್ತು, ಮೂರನೆಯದಕ್ಕೆ ಮನೆ. ಅವಳಿಗೆ ಬಯ್ಯುತ್ತಾರೆ, ಬೈದು ಸುಮ್ಮನಾಗುತ್ತಾರೆ ಅಂದುಕೊಂಡಿದ್ದೆ. 'ನಾಳೆಯಿಂದ' ಅಂತ ಬಂದಾಗ ಬಾಯಿ ತೆರೆದೆ, 'ನಾನೇ' ಅನ್ನೋಕೇ ತೆರೆದಿದ್ದು. ಬಂದದ್ದು 'ಭೂತ'.

ಅವಳ ಕೆಲಸ ಉಳಿಸಿದವನು ಅಂತ ಎಲ್ಲರೂ ಅಂದರು. ಎರಡು ವರ್ಷಕ್ಕೆ ಮದುವೆಯಾಯಿತು. ಆ ಉಪಕಾರಕ್ಕೇ ನನ್ನನ್ನು ಒಪ್ಪಿಕೊಂಡಳೋ ಏನೋ ಅನ್ನೋದು ಒಳಗೆ ಕೂತುಬಿಟ್ಟಿತು. ಹಾಗಾದ ಮೇಲೆ ಹೇಗೆ ಹೇಳಲಿ? ವರ್ಷ ಕಳೆದಷ್ಟೂ ಬೋಲ್ಟು ತುಕ್ಕು ಹಿಡಿಯಿತು. ಬೇರೆ ಕಳ್ಳರ ಬಾಯಿಗೆ ವಾರವಾರ 'ನಾನೇ' ಅಂತ ಬರೆದುಕೊಟ್ಟೆ.

ಆಸ್ಪತ್ರೆಯಲ್ಲಿ ಕಡೆಯ ವಾರ, ನೀನು ಔಷಧಿ ತರೋಕೆ ಹೋಗಿದ್ದೆ. "ನಲವತ್ತಮೂರನೇ ಸಂಚಿಕೆ ನೆನಪಿದೆಯಾ ರೀ?" ಅಂದಳು. ನಾನು, "ನೀರು ಕುಡೀತೀಯಾ?" ಅಂದೆ. ಕುಡಿದಳು. ನನ್ನ ಕೈ ಒಂದು ಸಲ ತಟ್ಟಿದಳು. ಅಷ್ಟೇ.

ಮುನ್ನುಡಿಯಲ್ಲಿ ನನ್ನ ಹೆಸರು ಹಾಕು. ಅವಳ ಹೆಸರು ಮೊದಲ ಸಲ ಅಚ್ಚಾಗೋದು ನನ್ನ ತಪ್ಪಿನ ಪಕ್ಕದಲ್ಲಿ ಬೇಡ. ನಿನಗೆ ಸ್ವಲ್ಪ ದಿನ ಕಾಗದ ಬರೆಯೋದು ಬೇಡ ಅನ್ನಿಸಿದರೆ ಬರೀಬೇಡ. ನಾನು ಏನೂ ಅಂದುಕೊಳ್ಳೋದಿಲ್ಲ.

ಯುವರ್ಸ್ ಟ್ರೂಲಿ,
ಅಪ್ಪ


ಆಗಸ್ಟ್ ೨೪

ಅಪ್ಪಾ,

ಮೊದಲು ಕೂತ್ಕೋ.

ಅಮ್ಮನ ಡಬ್ಬಿಯ ತಳದ ಕಾಗದ ಜುಲೈ ಮೊದಲ ವಾರದಲ್ಲೇ ಬಿಡಿಸಿದೆ. ನಾಲ್ಕು ಮಡಿಕೆ. ನಲವತ್ತಮೂರನೇ ಸಂಚಿಕೆಯ ಹಾಳೆ, ಅಂಚು ಕತ್ತರಿಸದ್ದು. ನಾಲ್ಕೂ ಮೂಲೆಯ ಗುರುತಿಗೆ ಕೆಂಪು ಪೆನ್ಸಿಲ್ಲಿನಲ್ಲಿ ಸುತ್ತು ಹಾಕಿದ್ದಾಳೆ. ಅದನ್ನು ನೋಡಿಯೇ ನಿನಗೆ ಹಾಳೆ ಇದೆಯಾ ಅಂತ ಬರೆದೆ, ಮುನ್ನುಡಿಯ ಆ ಸಾಲನ್ನೂ ಬೇಕಂತಲೇ ಕಳಿಸಿದೆ. ಕ್ಷಮಿಸು.

ಹಾಳೆಯ ಹಿಂದೆ ಅವಳ ಅಕ್ಷರ, ಅದೇ ಬುಧವಾರದ ತಾರೀಕು. ಇದ್ದ ಹಾಗೇ ಬರೀತೀನಿ:

ಗೋಡೆ ದಾಟಬಹುದು.
ಹೊಡೆಯುವಂತಿಲ್ಲ.
ಕೇಳುವಂತಿಲ್ಲ.
ಅವನೇ ಹೇಳುವವರೆಗೆ ಪಕ್ಕದಲ್ಲಿ ನಿಲ್ಲಬೇಕು.

ನಾಲ್ಕನೆಯದನ್ನು ಎರಡು ಸಲ ಹೊಡೆದುಹಾಕಿ ಮತ್ತೆ ಬರೆದಿದ್ದಾಳೆ.

ಮದುವೆಗೆ ಎರಡು ವರ್ಷ ಮುಂಚೆ ಅಪ್ಪಾ. ಉಪಕಾರಕ್ಕೆ ಒಪ್ಪಿಕೊಂಡವಳಲ್ಲ ಅವಳು. ಕಳ್ಳ ಯಾರು ಅಂತ ಗೊತ್ತಿದ್ದೇ ಒಪ್ಪಿಕೊಂಡಳು.

ನಾನೂ ಅವಳ ಹಾಗೆ ನಿಂತು ನೋಡೋಣ ಅಂದುಕೊಂಡೆ. ಎರಡು ತಿಂಗಳೂ ತುಂಬದೆ ಕಾಲು ಸೋತುಹೋಯಿತು. ನಿನ್ನ ಕಾಗದ ಬಂದ ದಿನ ಆಫೀಸಿನಲ್ಲಿ ಯಾರಿಗೂ ಓದಿ ಹೇಳಲಿಲ್ಲ.

ಹಾಳೆ ಇದರ ಜೊತೆಗಿದೆ. ನೋಡಿ ಮೂವತ್ತರೊಳಗೆ ವಾಪಸ್ ಕಳಿಸು. ಮುನ್ನುಡಿಯನ್ನು ಹೇಗೆ ಬದಲಿಸಲಿ, ನೀನೇ ಹೇಳು.

ನಿನ್ನ,
ಗುಬ್ಬಿ


ಆಗಸ್ಟ್ ೨೭

ಗುಬ್ಬೀ,

ಈ ಹಾಳೆ ಅವಳಿಗೆ ಕೊಟ್ಟವನು ನಾನೇ. ಆವತ್ತು ಸಂಜೆ ಬಂದು, "ಡಬ್ಬಿ ತಳಕ್ಕೆ ಹಾಸೋಕೆ ಒಂದು ರದ್ದಿ ಹಾಳೆ ಇದ್ರೆ ಕೊಡ್ತೀರಾ?" ಅಂದಳು. ಮಷಿನ್ ಒರೆಸೋಕೆ ಅಂತ ಪಕ್ಕಕ್ಕೆ ಇಟ್ಟುಕೊಂಡಿದ್ದ ಹಾಳೆ, ಕತ್ತರಿಸೋಕೆ ಮರೆತದ್ದು. ಬಿಳಿ ಬೆನ್ನು ಮೇಲಾಗಿತ್ತು, ಕೈಯಾರೆ ಮಡಚಿ ಕೊಟ್ಟೆ. ಥ್ಯಾಂಕ್ಸ್ ಅಂದಳು. ಡೋಂಟ್ ಮೆನ್ಷನ್ ಅಂದೆ.

ಮೆನ್ಷನ್ ಮಾಡಲೇ ಇಲ್ಲ ನೋಡು.

ದರ್ಜಿ ಮೇಲೆ ಬಂದಿದ್ದ. ಮೇಜಿನ ಮೇಲಿನ ಹಾಳೆ ನೋಡಿ, "ಮೂಲೆಗೆ ಸುತ್ತು ಹಾಕಿದ್ದು ಯಾರು ಸಾರ್?" ಅಂದ. ನನ್ನ ಹೆಂಡತಿ ಅಂದೆ. ಯಾಕೆ ಅಂದ. "ಇಲ್ಲಿ ಒಬ್ಬ ತಪ್ಪು ಮಾಡಿದ್ದಾನೆ ಅಂತ." "ಯಾರು?" "ನಾನೇ." ಜೋರಾಗಿ ಹೇಳಿದ್ದು ಅದೇ ಮೊದಲು. ನನ್ನ ಕಿವಿಗೂ ಸರಿಯಾಗಿ ಕೇಳಿಸಿತು. ಅವನು ಪಿನ್ನು ಬಾಯಿಂದ ತೆಗೆದು, "ಅಷ್ಟೇನಾ?" ಅಂ‌ದು ಇಳಿದುಹೋದ.

ಮುನ್ನುಡಿ ಹೀಗೆ ಬದಲಿಸು. ಗೆರೆ: ಮೇಷ್ಟ್ರು. ಬಣ್ಣ ಮತ್ತು ಭೂತದ ನಿಯಮ: ನಿಮ್ಮಮ್ಮ, ಪೂರ್ತಿ ಹೆಸರು, ಎಲ್ಲರಿಗಿಂತ ದೊಡ್ಡ ಅಕ್ಷರದಲ್ಲಿ. ಮಷಿನ್ ಮತ್ತು ತಪ್ಪು: ನಾನು.

ಹಾಳೆ ವಾಪಸ್ ಕಳಿಸಿದ್ದೇನೆ, ಒಂದು ದಿನ ಮಾತ್ರ ನನ್ನ ಹತ್ತಿರ ಇಟ್ಟುಕೊಂಡೆ. ನಲವತ್ತಮೂರನ್ನು ಇದರಿಂದಲೇ ಅಚ್ಚು ಮಾಡಿಸು. ನೀಲಿಯನ್ನು ಒಳಗೆ ತಳ್ಳಬೇಡ, ಎಲ್ಲಿ ನಿಂತಿದೆಯೋ ಅಲ್ಲೇ ಇರಲಿ. ನಿಮ್ಮ ಬೈಂಡಿಂಗಿನವರಿಗೆ ನಾನು ಹೇಳಿದೆ ಅಂತ ಹೇಳು, ಆ ಒಂದು ಪುಟದ ಅಂಚು ಮಾತ್ರ ಯಾರೂ ಕತ್ತರಿಸಬಾರದು.

ನಿನ್ನ ಅಪ್ಪ